ತೆಂಗಿನ ಸೀಮೆಯ ಇಂಗ್ಲಿಷು ಮತ್ತು ಪರನಗರದ ನೌಕರಿ

ತಿಪಟೂರು ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದಾದ ಕಿಬ್ಬನಹಳ್ಳಿಯ ಹೆಸರು ಹೊರಗಿನವರಿಗೆ ಹೆಚ್ಚಾಗಿ ಪರಿಚಯವಾಗಿರುವುದು ‘ಕೆ.ಬಿ. ಕ್ರಾಸ್’ ಎಂಬ ಕೂಡುರಸ್ತೆಯ ಮೂಲಕ. ಬೆಂಗಳೂರಿನಿಂದ ತುಮಕೂರು, ತಿಪಟೂರುಗಳ ಮೇಲೆ ಮಲೆನಾಡಿಗೆ ಸಾಗುವ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ರಸ್ತೆ ಇಲ್ಲಿ ಅಡ್ಡ ಹಾಯುವುದರಿಂದ, ಮೂರೂ ತಾಲ್ಲೂಕುಗಳ ತೋಟಗಾರರು, ವ್ಯಾಪಾರಿಗಳು, ಕಾಲೇಜಿಗೆ ಹೋಗುವ ಮಕ್ಕಳು ಇಲ್ಲಿಯೇ ಬಸ್ಸು ಬದಲಿಸುತ್ತ ಬಂದಿದ್ದಾರೆ. ತೆಂಗಿನ ಬೆಳೆಗೆ ಹೆಸರಾದ ಈ ಸೀಮೆಯಿಂದ ಸುಮಾರು ನೂರೈವತ್ತು ವರ್ಷಗಳ ಅವಧಿಯಲ್ಲಿ ಇಂಗ್ಲಿಷ್ ಕಲಿತು ಪರಭಾಷೆಯ ಊರುಗಳಲ್ಲಿ ನೌಕರಿ ಹುಡುಕಿಕೊಂಡವರ ಚರಿತ್ರೆಯು ಇಲ್ಲಿನ ಕೃಷಿಯ ಚರಿತ್ರೆಯಿಂದ ಬೇರ್ಪಡಿಸಲಾಗದಂತಹುದು. ಏಕೆಂದರೆ ಆ ಕಲಿಕೆಯ ಖರ್ಚು ಹೆಚ್ಚಿನ ಮನೆಗಳಲ್ಲಿ ಹುಟ್ಟಿದ್ದು ಕೊಬ್ಬರಿಯಿಂದ; ಹಾಗೆ ಕಲಿತ ಇಂಗ್ಲಿಷು ಪರನಗರದ ಕಚೇರಿಯೊಳಕ್ಕೆ ಪ್ರವೇಶ ದೊರಕಿಸಿತಾದರೂ ಅಲ್ಲಿ ನೆಲೆ ನಿಲ್ಲುವುದಕ್ಕೆ ಅದೊಂದೇ ಯಾವ ಕಾಲದಲ್ಲಿಯೂ ಸಾಕಾಗಲಿಲ್ಲ.

ಈ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಪರನಾಡಿನಲ್ಲಿ ಕೆಲಸಕ್ಕೆ ನಿಂತ ಇಂಗ್ಲಿಷ್ ಭಾಷಿಕರು ಇಂಗ್ಲಿಷರೇ ಆಗಿದ್ದರು. ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು 1837ರ ಹೊತ್ತಿಗೆ ತಿಪಟೂರಿನ ಪೂರ್ವಕ್ಕಿರುವ ಗುಬ್ಬಿಯಲ್ಲಿ ನೆಲೆ ಮಾಡಿಕೊಂಡರು. ಥಾಮಸ್ ಹಾಡ್ಸನ್ ಅವರಲ್ಲಿ ಮುಖ್ಯನು. 1839ರಲ್ಲಿ ಬಂದು ಸೇರಿದ ವಿಲಿಯಂ ಆರ್ಥರ್ ಆರೋಗ್ಯ ಕೆಟ್ಟು ಬೇಗನೆ ಸ್ವದೇಶಕ್ಕೆ ಮರಳಿದನಾದರೂ, ಮೈಸೂರು ಸೀಮೆಯ ಅನುಭವಗಳನ್ನು ಕುರಿತು ಅವನು ಬರೆದ ಪುಸ್ತಕ 1847ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗುಬ್ಬಿಯ ಸಂತೆಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇವರ ಮಾತೃಭಾಷೆಯಿಂದ ಯಾವ ಕೆಲಸವೂ ನಡೆಯುವಂತಿರಲಿಲ್ಲವಾದ ಕಾರಣ ಕನ್ನಡ ಕಲಿಯುವುದು ಅವರ ಉದ್ಯೋಗದ ಮೊದಲ ಷರತ್ತಾಗಿತ್ತು, ಮತ್ತು ಆ ಒತ್ತಾಯದಿಂದಲೇ ವ್ಯಾಕರಣ, ನಿಘಂಟು, ಮುದ್ರಣಾಲಯಗಳ ಕೆಲಸ ಮಿಷನ್ನಿನಲ್ಲಿ ಬೆಳೆಯಿತು. ಇಂಗ್ಲಿಷ್ ಬಲ್ಲವನು ಲೋಕದ ಎಲ್ಲಿಯಾದರೂ ಬದುಕಬಲ್ಲನೆಂಬ ನಂಬಿಕೆ ಈ ಸೀಮೆಯಲ್ಲಿ ಹುಟ್ಟುವುದಕ್ಕೆ ಇನ್ನೂ ಒಂದೆರಡು ತಲೆಮಾರು ಕಳೆಯಬೇಕಿತ್ತು.

ಆ ನಂಬಿಕೆಗೆ ನೆಲ ಒದಗಿಸಿದ್ದು ಸರ್ಕಾರಿ ಕಚೇರಿ. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರರು ಆಳಿದರು. ಅವರಲ್ಲೊಬ್ಬನಾದ ಮಾರ್ಕ್ ಕಬ್ಬನ್ನನ ಕಾಲದ ಕಚೇರಿಗಳಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಬಳಕೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಡಳಿತ ಇಲಾಖೆಗಳಾಗಿ ಒಡೆದು, ಮೇಲಿನ ಹಂತದ ಬರವಣಿಗೆಯೆಲ್ಲ ಇಂಗ್ಲಿಷಿಗೆ ತಿರುಗಿತು. ಶಾನುಭೋಗ, ಶೇಕ್ದಾರರ ಮಟ್ಟದಲ್ಲಿ ಕನ್ನಡ ಉಳಿದರೂ, ತಾಲ್ಲೂಕು ಕಚೇರಿಯಿಂದ ಬೆಂಗಳೂರಿಗೆ ಹೋಗುವ ಕಾಗದ ಇಂಗ್ಲಿಷಿನಲ್ಲಿರಬೇಕೆಂಬ ವಾಡಿಕೆ ಬಲವಾಯಿತು. ಆ ಕಾಗದ ಬರೆಯಬಲ್ಲವರು ಸಂಸ್ಥಾನದಲ್ಲಿ ಸಾಕಷ್ಟು ಇರಲಿಲ್ಲವಾದ್ದರಿಂದ ಮದರಾಸು ಪ್ರಾಂತ್ಯದ ವಿದ್ಯಾವಂತರು ಇಲ್ಲಿಗೆ ಬಂದರು. ಮುಂದೆ ದಿವಾನರಾದ ಸಿ. ರಂಗಾಚಾರ್ಲು ಮತ್ತು ಕೆ. ಶೇಷಾದ್ರಿ ಅಯ್ಯರ್ ಇಬ್ಬರೂ 1868ರಲ್ಲಿ ಮೈಸೂರಿನ ನೌಕರಿಗೆ ಸೇರಿದವರು. ಅವರ ದೃಷ್ಟಿಯಿಂದ ನೋಡಿದರೆ ಬೆಂಗಳೂರು, ಮೈಸೂರುಗಳೇ ಇಂಗ್ಲಿಷಿನ ಬಲದಿಂದ ಕೆಲಸ ದೊರಕಿಸಿಕೊಂಡ ಪರನಗರಗಳು. 1881ರಲ್ಲಿ ಆಡಳಿತ ಒಡೆಯರ ಮನೆತನಕ್ಕೆ ಮರಳಿದ ಮೇಲೆ ಉನ್ನತ ಹುದ್ದೆಗಳು ಮದರಾಸಿನವರಿಗೇ ಹೋಗುತ್ತಿವೆಯೆಂಬ ಅಸಮಾಧಾನ ಪತ್ರಿಕೆಗಳಲ್ಲಿ ದಟ್ಟವಾಗಿ ಕಾಣಿಸಿಕೊಂಡು, ಮೈಸೂರು ಮೈಸೂರಿನವರಿಗೆ ಎಂಬ ಕೂಗು ದಶಕಗಳ ಕಾಲ ನಡೆಯಿತು. ಈ ಜಗಳವನ್ನು ಎರಡು ಊರುಗಳ ವಿದ್ಯಾವಂತರ ನಡುವಣ ಮತ್ಸರವೆಂದು ತಳ್ಳಿಹಾಕುವುದು ಸುಲಭ. ಆದರೆ ಹಳ್ಳಿಯ ಮಟ್ಟದಲ್ಲಿ ಅದರ ಪರಿಣಾಮ ಬೇರೆಯಾಗಿತ್ತು. ಇಂಗ್ಲಿಷು ಕಲಿತವನು ತನ್ನದಲ್ಲದ ಊರಿಗೆ ಹೋಗಿ ಅಧಿಕಾರಿಯಾಗಬಲ್ಲನೆಂಬುದಕ್ಕೆ ಕಣ್ಣೆದುರಿನ ಸಾಕ್ಷಿಯಾಗಿ ಅಮಲ್ದಾರನೇ, ಅಂದರೆ ಇಂದಿನ ತಹಸೀಲ್ದಾರನ ಸ್ಥಾನದ ಅಧಿಕಾರಿಯೇ, ಜಮಾಬಂದಿಗೆ ಹಳ್ಳಿಗೆ ಬಂದು ಕೂರುತ್ತಿದ್ದನು.

ಇದೇ ಕಾಲದಲ್ಲಿ ರೈಲು ಬಂದಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ತೆರೆದ ಮೀಟರ್ ಗೇಜ್ ಹಳಿ ಮುಂದೆ ಗುಬ್ಬಿ, ಬಾಣಸಂದ್ರ, ತಿಪಟೂರು, ಅರಸೀಕೆರೆಗಳನ್ನು ಹಾದು 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿ, ಸದರ್ನ್ ಮರಾಠಾ ರೈಲ್ವೆಯ ಮೂಲಕ ಪುಣೆಯ ಕಡೆಯ ಹಳಿಗೆ ಕೂಡಿಕೊಂಡಿತು. ತೋಟದ ಸರಕು ಉತ್ತರಕ್ಕೆ ಹೋಗಲು ದಾರಿಯಾದ ಈ ಹಳಿಯಿಂದ ತೋಟದ ಮಕ್ಕಳು ಹೊರಗೆ ಹೋಗಲೂ ದಾರಿಯಾಯಿತು. ಟಿಕೀಟು, ತಂತಿ, ರವಾನೆಯ ರಸೀದಿಗಳೆಲ್ಲ ಇಂಗ್ಲಿಷಿನಲ್ಲಿದ್ದ ಸ್ಟೇಷನ್ನು, ತಾಲ್ಲೂಕು ಕಚೇರಿಯ ಜೊತೆಗೆ, ಈ ಸೀಮೆಯಲ್ಲಿ ಇಂಗ್ಲಿಷು ಸಂಬಳ ತರುವುದನ್ನು ಜನ ದಿನವೂ ನೋಡಬಹುದಾದ ಜಾಗವಾಗಿತ್ತು.

ತೆಂಗಿನ ಬೇಸಾಯದ ಸ್ವರೂಪವೂ ಈ ವಲಸೆಗೆ ಒಗ್ಗುವಂತಹುದು. ನಾಟಿ ಮಾಡಿದ ಸಸಿ ಫಲ ಕೊಡಲು ಏಳೆಂಟು ವರ್ಷ ಹಿಡಿದರೂ ಆಮೇಲೆ ಅರವತ್ತು ವರ್ಷಕ್ಕೂ ಮೀರಿ ಫಸಲು ಕೊಡುತ್ತದೆ; ಗದ್ದೆಯಂತೆ ಮನೆಯ ಎಲ್ಲ ಕೈಗಳನ್ನೂ ಅದು ವರ್ಷವಿಡೀ ಬೇಡುವುದಿಲ್ಲ. ಇಲ್ಲಿನ ವಿಶೇಷವಾದ ಉಂಡೆ ಕೊಬ್ಬರಿಯನ್ನು, ಎಂದರೆ ಒಡೆಯದ ಕಾಯಿಯೊಳಗೇ ನೀರು ಇಂಗಿ ತಿರುಳು ಇಡಿಯಾಗಿ ಒಣಗಿದ ಕೊಬ್ಬರಿಯನ್ನು, ಪಡೆಯಲು ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡಬೇಕಾಗುತ್ತದೆ. ಹೀಗೆ ಅಟ್ಟದಲ್ಲಿ ಕೂಡಿದ ದಾಸ್ತಾನು ಬೇಕಾದಾಗ ಸುಲಿಸಿ ಮಾರಬಹುದಾದ ಆಸ್ತಿಯಾಗಿದ್ದು, ಮದುವೆ, ಕೊಳವೆಬಾವಿ, ಕಾಲೇಜಿನ ಶುಲ್ಕ ಮೊದಲಾದ ದೊಡ್ಡ ಖರ್ಚುಗಳಿಗೆ ಒದಗುತ್ತ ಬಂದಿದೆ. ತೋಟ ಪಾಲಾಗುತ್ತ ಹೋದಂತೆ ಅಣ್ಣತಮ್ಮಂದಿರಲ್ಲಿ ಒಬ್ಬನು ತೋಟ ನೋಡಿಕೊಂಡು ಉಳಿದವರು ಓದಿ ಹೊರಗೆ ಹೋಗುವ ಏರ್ಪಾಡು ಈ ಭಾಗದ ಅನೇಕ ಮನೆಗಳಲ್ಲಿ ರೂಢಿಯಾಯಿತು. ಗೇಣಿದಾರರಿಗೂ ಕೂಲಿಯವರಿಗೂ ಈ ಅನುಕೂಲ ಇರಲಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ಇಂಗ್ಲಿಷಿನ ದಾರಿ ಬಹುಕಾಲ ತೋಟವುಳ್ಳವರ ಅಥವಾ ಓದು ಬರಹವೇ ಕುಲವೃತ್ತಿಯಾಗಿದ್ದವರ ದಾರಿಯಾಗಿಯೇ ಉಳಿದಿತ್ತು.

ಓದುವುದಕ್ಕೇ ಊರು ಬಿಡಬೇಕಿತ್ತು. ಹೈಸ್ಕೂಲಿಗೆ ತುಮಕೂರು, ಕಾಲೇಜಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಇಲ್ಲವೆ ಮೈಸೂರಿನ ಮಹಾರಾಜಾ ಕಾಲೇಜು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಈ ಕಾಲೇಜುಗಳ ಪದವಿ ಪರೀಕ್ಷೆ ನಡೆಸುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ. ಬಡ ಬ್ರಾಹ್ಮಣ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ‘ವಾರಾನ್ನ’ದ ಪದ್ಧತಿಯಿಂದ ಓದು ಮುಗಿಸಿದರು. ಉಳಿದ ಸಮುದಾಯಗಳಿಗೆ ಪೇಟೆಯಲ್ಲಿ ಅಂತಹ ಬಂಧುತ್ವದ ಬಲೆ ಇರಲಿಲ್ಲ. ಅದನ್ನು ಅವು ಸಂಘಗಳ ಮೂಲಕ ಕಟ್ಟಿಕೊಳ್ಳಬೇಕಾಯಿತು. 1905ರಲ್ಲಿ ಲಿಂಗಾಯತ ವಿದ್ಯಾನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿ, ವಿದ್ಯಾರ್ಥಿವೇತನ ಮತ್ತು ಉಚಿತ ವಿದ್ಯಾರ್ಥಿನಿಲಯಗಳನ್ನು ತಮ್ಮ ಮೊದಲ ಕೆಲಸಗಳಲ್ಲಿ ಸೇರಿಸಿಕೊಂಡವು. ಲಿಂಗಾಯತರೂ ಒಕ್ಕಲಿಗರೂ ದೊಡ್ಡ ಸಂಖ್ಯೆಯಲ್ಲಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಟ್ಟಿಗೆ ಈ ವಿದ್ಯಾರ್ಥಿನಿಲಯಗಳ ಮಹತ್ವ ಶಾಲೆಗಳದಕ್ಕಿಂತ ಕಡಿಮೆಯದಲ್ಲ. ತುಮಕೂರಿನ ಬಳಿಯ ಸಿದ್ಧಗಂಗಾ ಮಠವಂತೂ ಅನ್ನ, ವಸತಿ, ವಿದ್ಯೆಗಳನ್ನು ಒಟ್ಟಿಗೆ ಒದಗಿಸಿ ಆ ಕೆಲಸವನ್ನು ಇನ್ನೂ ಕೆಳಗಿನ ಸ್ತರಗಳವರೆಗೆ ಒಯ್ದಿತು. 1918ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟನ್ನೂ ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲನ್ನೂ ಹಿಂದುಳಿದ ಸಮುದಾಯಗಳಿಗೆ ಕೊಡಬೇಕೆಂದು ಶಿಫಾರಸು ಮಾಡಿದ ಮೇಲೆ, ತೋಟದ ಮನೆಗಳ ಹುಡುಗರಿಗೆ ಸಂಸ್ಥಾನದ ನೌಕರಿ ಕೈಗೆಟುಕುವಂತೆ ಕಾಣತೊಡಗಿತು.

ಈ ಸೀಮೆಯಲ್ಲಿ ಹುಟ್ಟಿ ಇಂಗ್ಲಿಷಿನಿಂದ ಉದ್ಯೋಗ ಪಡೆದವರಲ್ಲಿ ಇಬ್ಬರ ಹೆಸರು ಕನ್ನಡ ಓದುಗರಿಗೆಲ್ಲ ತಿಳಿದಿದೆ. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಇಬ್ಬರೂ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಇಂಗ್ಲಿಷ್ ಅಧ್ಯಾಪಕರಾಗಿ ಉದ್ಯೋಗ ಆರಂಭಿಸಿದವರು; ಇಬ್ಬರ ಕೀರ್ತಿಯೂ ಕನ್ನಡದಲ್ಲಿ ನಿಂತಿದೆ. 1911ರಲ್ಲಿ ಧಾರವಾಡದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ಬಿ.ಎಂ.ಶ್ರೀ. ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಧಾರವಾಡವು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಪರರಾಜ್ಯದ ಊರು. ನಿವೃತ್ತಿಯ ಬಳಿಕ ಅಲ್ಲಿಯೇ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದು 1946ರಲ್ಲಿ ಅವರು ತೀರಿಕೊಂಡರು, ತೀ.ನಂ.ಶ್ರೀ. ಅವರೂ ಮುಂದೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಇಂಗ್ಲಿಷಿನಿಂದ ಸಂಸ್ಥಾನದೊಳಗೆ ಸಂಬಳ ಪಡೆದವರನ್ನು ಸಂಸ್ಥಾನದ ಗಡಿಯಾಚೆಗೆ ಕರೆಸಿಕೊಂಡದ್ದು ಅವರ ಕನ್ನಡ. ಉದ್ಯೋಗದ ಚರಿತ್ರೆಯನ್ನು ಇಂಗ್ಲಿಷಿನ ವಿಜಯಯಾತ್ರೆಯಾಗಿ ಬರೆಯುವವರು ಇಂತಹ ಪ್ರಸಂಗಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಸಾಹಿತ್ಯದ ಗೊಡವೆಯಿಲ್ಲದೆ ನೌಕರಿಗಷ್ಟೇ ಹೊರಟವರಿಗೆ ಮೊದಲು ಎದುರಾಗುತ್ತಿದ್ದ ಪರನಗರ ಬೆಂಗಳೂರಿನ ದಂಡು. 1809ರಲ್ಲಿ ಸೇನೆಯ ಠಾಣೆಯಾಗಿ ಹುಟ್ಟಿದ ಈ ಕಂಟೋನ್ಮೆಂಟು 1947ರ ಜುಲೈವರೆಗೆ ಬ್ರಿಟಿಷರ ನೇರ ಆಡಳಿತದಲ್ಲಿದ್ದು, ಪೇಟೆಯ ಕನ್ನಡ ಅಲ್ಲಿಗೆ ಕಾಲಿಡುವಷ್ಟರಲ್ಲಿ ತಮಿಳು, ಉರ್ದು, ಇಂಗ್ಲಿಷುಗಳ ಮಧ್ಯೆ ಕಳೆದುಹೋಗುತ್ತಿತ್ತು. ತಿಪಟೂರಿನಿಂದ ರೈಲಿನಲ್ಲಿ ಅರ್ಧ ದಿನದೊಳಗೆ ಸೇರಬಹುದಾದ ಊರಿನಲ್ಲಿಯೇ, ಅಂಗಡಿಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು, ಬಾಡಿಗೆ ಕೋಣೆಯ ಓಣಿಯಲ್ಲಿ ಮತ್ತೊಂದು ಭಾಷೆ ಆಡಬೇಕಾದ ಅಭ್ಯಾಸ ಈ ಸೀಮೆಯವರಿಗೆ ಹೀಗೆ ಆಯಿತು.

ಅದಕ್ಕಿಂತ ದೂರದ ನಗರವೆಂದರೆ ಮುಂಬಯಿ. ಮೈಸೂರು ಸೀಮೆಯ ವಿದ್ಯಾವಂತನೊಬ್ಬನು ಆ ಕಡೆ ಹೋಗಿ ಹೆಸರು ಮಾಡಿದ ಮೊದಲ ದೊಡ್ಡ ದೃಷ್ಟಾಂತ ಎಂ. ವಿಶ್ವೇಶ್ವರಯ್ಯನವರದು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡ ಅವರು 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಮೈಸೂರಿಗೆ ಮರಳಿದ್ದು ಕಾಲು ಶತಮಾನದ ಮೇಲೆ. ಅವರ ಹಿಂದೆ ಹೋದವರು ಬಹುಪಾಲು ಗುಮಾಸ್ತರು, ಶೀಘ್ರಲಿಪಿಗಾರರು, ಲೆಕ್ಕಿಗರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಟೈಪ್‌ರೈಟಿಂಗ್ ಮತ್ತು ಪಿಟ್‌ಮನ್ ಕ್ರಮದ ಶೀಘ್ರಲಿಪಿ, ಅಂದರೆ ಆಡಿದ ಮಾತನ್ನು ಗುರುತುಗಳಲ್ಲಿ ಓಟದಲ್ಲೇ ಬರೆದುಕೊಳ್ಳುವ ವಿದ್ಯೆ, ಪದವಿಯಷ್ಟೇ ಬೆಲೆಯುಳ್ಳ ಅರ್ಹತೆಗಳಾಗಿದ್ದವು. ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕು ಊರುಗಳಲ್ಲಿಯೂ ಹುಟ್ಟಿದ ಕಮರ್ಷಿಯಲ್ ಇನ್‌ಸ್ಟಿಟ್ಯೂಟುಗಳು ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗರ ಬೆರಳುಗಳನ್ನು ಇಂಗ್ಲಿಷ್ ಕೀಲಿಮಣೆಗೆ ಪಳಗಿಸಿ ಕಳಿಸುತ್ತಿದ್ದವು. ಇಂಗ್ಲಿಷನ್ನು ನಿರರ್ಗಳವಾಗಿ ಆಡಲಾರದವನೂ ತಪ್ಪಿಲ್ಲದೆ ಟೈಪು ಮಾಡಬಲ್ಲವನಾದರೆ ಅವನಿಗೆ ಮುಂಬಯಿಯ ಕೋಟೆ ಪ್ರದೇಶದ ಕಚೇರಿಗಳಲ್ಲಿ ಬೇಡಿಕೆಯಿತ್ತು. ಭಾಷೆಯನ್ನು ಕಿವಿಯಿಂದ ಕಲಿಯದೆ ಬೆರಳಿನಿಂದ ಕಲಿತ ಈ ವರ್ಗದ ಚರಿತ್ರೆ ಇನ್ನೂ ಸರಿಯಾಗಿ ಬರೆಯಲ್ಪಟ್ಟಿಲ್ಲ.

ಮುಂಬಯಿಯಲ್ಲಿ ಕೆಲಸ ಸಿಗುತ್ತಿದ್ದುದು ಬಹುಮಟ್ಟಿಗೆ ಪರಿಚಯದಿಂದ. ಊರಿನವರೊಬ್ಬರ ಕೋಣೆಯಲ್ಲಿ ಇಳಿದುಕೊಂಡು, ಅವರ ಕಚೇರಿಯ ಖಾಲಿ ಜಾಗದ ಸುದ್ದಿ ಹಿಡಿದು, ಅರ್ಜಿಯೊಡನೆ ಶಿಫಾರಸು ಪತ್ರ ಕೊಟ್ಟು ಬರುವುದು ಆ ಕಾಲದ ಕ್ರಮ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನು ಮತ್ತು 1933ರಲ್ಲಿ ಸ್ಥಾಪನೆಯಾದ ಕರ್ನಾಟಕ ಸಂಘ ಮಾಟುಂಗದ ಸುತ್ತ ನೆಲೆಸಿದ ಕನ್ನಡಿಗರಿಗೆ ನಾಟಕ, ಉಪನ್ಯಾಸ, ಹಬ್ಬಗಳ ನೆವದಲ್ಲಿ ಒಬ್ಬರನ್ನೊಬ್ಬರು ಕಾಣುವ ಜಾಗಗಳಾದವು. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ನಡೆದ ಕನ್ನಡ ರಾತ್ರಿಶಾಲೆಗಳು ಇನ್ನೂ ದೊಡ್ಡ ಸಾಧನೆ. ಹಗಲು ಲೋಟ ತೊಳೆದು ರಾತ್ರಿ ಓದಿದವರು ಇಂಗ್ಲಿಷ್ ಕಲಿತು ಬ್ಯಾಂಕು, ಕಂಪನಿಗಳ ಮೇಜಿಗೆ ಏರಿದರು. ಹಾಗೆ ಏರಿದವರಿಗೂ ಬೀದಿಯಲ್ಲಿ ಮರಾಠಿ, ಮಾರುಕಟ್ಟೆಯಲ್ಲಿ ಗುಜರಾತಿ ಅಥವಾ ಹಿಂದುಸ್ತಾನಿ ಬೇಕೇ ಬೇಕಾಯಿತು.

ವಿಚಿತ್ರವೆಂದರೆ, ಇದೇ ಅವಧಿಯಲ್ಲಿ ತಿಪಟೂರಿನ ಅತಿ ದೊಡ್ಡ ಪರನಾಡ ವ್ಯವಹಾರ ಇಂಗ್ಲಿಷಿನ ಹಂಗಿಲ್ಲದೆ ಬೆಳೆದಿತ್ತು. ಉಂಡೆ ಕೊಬ್ಬರಿಗೆ ಹೆಚ್ಚಿನ ಬೇಡಿಕೆಯಿರುವುದು ಉತ್ತರ ಭಾರತದಲ್ಲಿ. ಅಲ್ಲಿನ ಮದುವೆ, ಪೂಜೆ, ಸಿಹಿತಿನಿಸುಗಳಿಗೆ ಅದು ಬೇಕು. ಮಂಡಿಯ ವರ್ತಕರು, ದಲಾಲರು, ರವಾನೆದಾರರು ದೆಹಲಿ ಮತ್ತು ಅದರಾಚೆಯ ಖರೀದಿದಾರರೊಡನೆ ಹಿಂದಿಯಲ್ಲಿ ಮಾತಾಡಿ, ಬಾಯಿಮಾತಿನ ನಂಬಿಕೆಯ ಮೇಲೆ ಸರಕು ಕಳಿಸಿದರು. ಉತ್ತರದಿಂದ ಬಂದು ತಿಪಟೂರಿನಲ್ಲಿ ನೆಲೆಸಿದ ವ್ಯಾಪಾರಿಗಳು ಕನ್ನಡ ಕಲಿತರು. ಹರಾಜಿನ ದಿನ ಮಾರುಕಟ್ಟೆಗೆ ಕೊಬ್ಬರಿ ತಂದ ತೋಟಗಾರನಿಗೆ ಇಂಗ್ಲಿಷು ಅಲ್ಲಿ ಯಾವ ಪ್ರಯೋಜನಕ್ಕೂ ಬಾರದು, ಆದರೂ ಬಂದ ಹಣದಲ್ಲಿ ಮಗನ ಇಂಗ್ಲಿಷ್ ಶಾಲೆಯ ಶುಲ್ಕವನ್ನು ಅವನು ತಪ್ಪದೆ ಕಟ್ಟಿದನು. ಇದರಲ್ಲಿ ಅವಿವೇಕವೇನೂ ಇರಲಿಲ್ಲ: ಮಂಡಿಯ ವ್ಯಾಪಾರಕ್ಕೆ ಬಂಡವಾಳವೂ ತಲೆಮಾರುಗಳ ವಿಶ್ವಾಸವೂ ಬೇಕು, ಅವೆರಡೂ ಇಲ್ಲದವನಿಗೆ ಪರಸ್ಥಳದಲ್ಲಿ ದೊರೆಯಬಹುದಾಗಿದ್ದುದು ಸಂಬಳದ ಕೆಲಸ, ಅದಕ್ಕೆ ಬೇಕಾದದ್ದು ಪರೀಕ್ಷೆ, ಪರೀಕ್ಷೆಯ ಭಾಷೆ ಇಂಗ್ಲಿಷು.

ಸ್ವಾತಂತ್ರ್ಯದ ನಂತರದ ಮೂರು ದಶಕಗಳಲ್ಲಿ ಪರನಗರಕ್ಕೆ ಹೋಗುವ ಒತ್ತಡ ಸ್ವಲ್ಪ ಇಳಿಯಿತು. 1940ರಲ್ಲಿ ಆರಂಭವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯ ಜೊತೆಗೆ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬೆಂಗಳೂರಿನಲ್ಲಿ ನೆಲೆಯೂರಿದವು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿಯೇ ಸಿಮೆಂಟ್ ಕಾರ್ಖಾನೆ ಬಂದಿತು. 1963ರಲ್ಲಿ ಸಿದ್ಧಗಂಗಾ ಸಂಸ್ಥೆ ತುಮಕೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರೆ, ಅದೇ ದಶಕದಲ್ಲಿ ಕಲ್ಪತರು ವಿದ್ಯಾಸಂಸ್ಥೆಯ ಕಾಲೇಜು ತಿಪಟೂರಿನಲ್ಲಿ ಬೆಳೆಯಿತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಬ್ಯಾಂಕ್ ಪರೀಕ್ಷೆ ಪದವೀಧರರ ಮುಖ್ಯ ಗುರಿಯಾಯಿತು. ಆದರೆ ಬೆಂಗಳೂರಿನ ಕಾರ್ಖಾನೆಗಳಲ್ಲಿಯೇ ಕನ್ನಡಿಗರಿಗೆ ತಕ್ಕ ಪಾಲು ಸಿಗುತ್ತಿಲ್ಲವೆಂಬ ದೂರು ಬಲವಾಗಿ, 1980ರ ದಶಕದಲ್ಲಿ ಸರೋಜಿನಿ ಮಹಿಷಿ ಸಮಿತಿ ಆ ಪ್ರಶ್ನೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ನೂರು ವರ್ಷ ಹಿಂದೆ ಮದರಾಸಿನವರ ವಿಷಯದಲ್ಲಿ ಎದ್ದಿದ್ದ ವಾದವೇ ಇಲ್ಲಿ ಬೇರೆ ವೇಷದಲ್ಲಿ ಮರಳಿತ್ತು.

ಸಮುದ್ರದಾಚೆಯ ನಗರಗಳ ಕಥೆ ತಡವಾಗಿ ಆರಂಭವಾದರೂ ವೇಗವಾಗಿ ಬೆಳೆಯಿತು. ಅಮೆರಿಕದ 1965ರ ವಲಸೆ ಕಾನೂನು ವೈದ್ಯರಿಗೂ ಇಂಜಿನಿಯರುಗಳಿಗೂ ಬಾಗಿಲು ತೆರೆಯಿತು. 1990ರ ಕಾನೂನಿನಿಂದ ಹುಟ್ಟಿದ ಎಚ್-1ಬಿ ವೀಸಾ, ಅಂದರೆ ವಿಶೇಷ ಪರಿಣತಿಯ ನೌಕರನಿಗೆ ಕಂಪನಿಯ ಕೋರಿಕೆಯ ಮೇಲೆ ಸಿಗುವ ತಾತ್ಕಾಲಿಕ ಪರವಾನಗಿ, ಕಂಪ್ಯೂಟರ್ ಉದ್ಯಮದ ಮೂಲಕ ಸಣ್ಣ ಊರುಗಳ ಪದವೀಧರರನ್ನೂ ತಲುಪಿತು. ಇಂಗ್ಲಿಷೇ ನಾಡಭಾಷೆಯಾಗಿದ್ದ ಆ ದೇಶದಲ್ಲಿ ಹಳೆಯ ತೊಡಕು ಕಾಣಿಸಲಿಲ್ಲ. ಅಲ್ಲಿನ ಕಷ್ಟ ಉಚ್ಚಾರಣೆಯದು, ವೀಸಾದ್ದು, ಒಂಟಿತನದ್ದು. ಈ ಅನುಭವದಿಂದ ಊರಿನಲ್ಲಿ ಇಂಗ್ಲಿಷಿನ ಮೇಲಿನ ನಂಬಿಕೆ ಎಷ್ಟು ಗಟ್ಟಿಯಾಯಿತೆಂದರೆ, ಐದನೆಯ ತರಗತಿಯಿಂದ ಶುರುವಾಗುತ್ತಿದ್ದ ಇಂಗ್ಲಿಷನ್ನು 2007ರ ಸುಮಾರಿಗೆ ಸರ್ಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸಬೇಕೆಂದು ಸರ್ಕಾರ ತೀರ್ಮಾನಿಸಿತು.

ಯುರೋಪಿನ ಒಳನಾಡಿಗೆ ಹೊರಟವರಿಗೆ ಆ ನಂಬಿಕೆಯ ಎಲ್ಲೆ ಕಂಡಿತು. ಜರ್ಮನಿಯಲ್ಲಿ ಸಾಫ್ಟ್‌ವೇರ್ ಕೆಲಸಗಾರನು ಇಂಗ್ಲಿಷಿನಿಂದಲೇ ಕಂಪನಿ ಸೇರಬಹುದು. ಆದರೆ ರೋಗಿಯೊಡನೆ ಮಾತಾಡಬೇಕಾದ ನರ್ಸು ಮತ್ತು ವೈದ್ಯರು ಜರ್ಮನ್ ಭಾಷೆಯ ಮೇಲ್ಮಟ್ಟದ ಪರೀಕ್ಷೆಗಳನ್ನು ದಾಟಲೇಬೇಕು. ಭಾಷೆಯ ಅರಿವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಾಗಿ ಅಳೆಯುವ ಯುರೋಪಿನ ಕ್ರಮ ಈಗ ಬೆಂಗಳೂರಿನ ಭಾಷಾ ತರಗತಿಗಳ ನಿತ್ಯದ ಮಾತಾಗಿದೆ. 1960ರಿಂದ ಅಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದು ಕಾಲಕ್ಕೆ ಸಾಹಿತ್ಯ, ಸಂಗೀತಗಳ ಆಸಕ್ತಿಯಿಂದ ಕಲಿಯುತ್ತಿದ್ದ ಜರ್ಮನ್ನನ್ನು ಈಗ ಹೆಚ್ಚಿನವರು ಕೆಲಸಕ್ಕಾಗಿ ಕಲಿಯುತ್ತಾರೆ. 2024ರ ಜೂನ್‌ನಲ್ಲಿ ಜರ್ಮನಿ ಜಾರಿಗೆ ತಂದ ಅವಕಾಶ ಕಾರ್ಡು, ಕೆಲಸ ಗೊತ್ತಾಗುವ ಮೊದಲೇ ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಹುಡುಕಲು ಅನುಮತಿ ಕೊಡುತ್ತದೆ. ಅದಕ್ಕೆ ಜರ್ಮನ್ನಿನ ಮೊದಲ ಮೆಟ್ಟಿಲು ಸಾಕು, ಇಲ್ಲವೆ ಇಂಗ್ಲಿಷಿನ ನಾಲ್ಕನೆಯ ಮೆಟ್ಟಿಲು ಬೇಕು. ಎರಡು ಭಾಷೆಗಳಿಗೆ ಅಲ್ಲಿನ ಸರ್ಕಾರ ಕಟ್ಟಿರುವ ಬೆಲೆಯ ಅಂತರ ಈ ಒಂದು ನಿಯಮದಲ್ಲಿಯೇ ಸ್ಪಷ್ಟವಾಗಿದೆ.

ಈ ಹೊಸ ವಲಸೆಯ ಹಣದ ಬೇರು ಈಗಲೂ ತೋಟದಲ್ಲಿಯೇ ಇದೆ, ಆದರೆ ಅದನ್ನು ನಗದಾಗಿಸುವುದು ಮೊದಲಿನಷ್ಟು ಸರಳವಾಗಿ ಉಳಿದಿಲ್ಲ. ಜರ್ಮನಿಗೆ ಓದಲು ಹೋಗುವವನು ಒಂದು ವರ್ಷದ ಜೀವನವೆಚ್ಚವಾಗಿ 11,904 ಯೂರೋಗಳನ್ನು ತಡೆಹಿಡಿದ ಖಾತೆಯಲ್ಲಿ, ಅಂದರೆ ತಿಂಗಳಿಗಿಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆಯಲ್ಲಿ, ಮೊದಲೇ ಇಟ್ಟು ತೋರಿಸಬೇಕೆಂದು 2024ರಲ್ಲಿ ನಿಗದಿಯಾಯಿತು. ಅದೇ ವರ್ಷದ ಹಂಗಾಮಿನ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಹಿಂದಿನ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ದರವು ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದಿತ್ತು. ಅಟ್ಟ ಖಾಲಿ ಮಾಡಿದರೂ ಸಾಲದೆಂದಾಗ ಬ್ಯಾಂಕಿಗೆ ಹೋಗಬೇಕಾಗುತ್ತದೆ. ಸಾಲ ವಸೂಲಿಗಾಗಿ ಒತ್ತೆಯ ಆಸ್ತಿಯನ್ನು ನ್ಯಾಯಾಲಯದ ಮೆಟ್ಟಿಲೇರದೆ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಕೇಂದ್ರ ಕಾನೂನು ಕೃಷಿಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ, ವಿದೇಶದ ಓದಿನ ದೊಡ್ಡ ಸಾಲಕ್ಕೆ ತೋಟದ ಪಹಣಿಯನ್ನು ಆಧಾರವಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಎಕರೆಗಟ್ಟಲೆ ಫಲ ಬಿಡುವ ತೆಂಗು ಇದ್ದ ಮನೆಯವರೂ ತಿಪಟೂರಿನಲ್ಲೋ ತುಮಕೂರಿನಲ್ಲೋ ಇರುವ ಮನೆಯ ಅಥವಾ ನಿವೇಶನದ ಪತ್ರ ತೋರಿಸಬೇಕಾಗಿ, ಅದಿಲ್ಲದವರು ನಿವೇಶನವುಳ್ಳ ನೆಂಟರನ್ನು ಜಾಮೀನಿಗೆ ಹುಡುಕುತ್ತಾರೆ.